ಬದನೆಗಿಡಕ್ಕಾಗಿ ಸೋಪು ಬಿಟ್ಟದ್ದು

ಸ್ನಾನ ಎಂಬುದು ಮನುಷ್ಯನ ತೀರ ಸ್ವಂತ ವ್ಯವಹಾರ, ಅದರಲ್ಲಿ ಬೇರೆಯವರು ಕೈ ಹಾಕುವಂತಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ನನ್ನ ಸ್ನಾನದ ಮೇಲೆ ನನಗಿಂತ ಬದನೆಗಿಡಗಳಿಗೇ ಹೆಚ್ಚು ಅಧಿಕಾರವಿದೆ. ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಓಣಿಗೆ ನಲ್ಲಿ ನೀರು ತನಗೆ ಮನಸ್ಸು ಬಂದಾಗ ಬರುತ್ತದೆ. ಆದ್ದರಿಂದ ನಾನು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ನಿಂತು ಮೈತೊಳೆದುಕೊಳ್ಳಬೇಕು, ಆ ನೀರು ತಾರಸಿಯ ಗಿಡಗಳಿಗೆ ಹೋಗಬೇಕು, ಸೋಪು ಮಾತ್ರ ಹಚ್ಚಬಾರದು. ಇದು ನನ್ನ ಹೆಂಡತಿ ಕಸ್ತೂರಿಯ ಕಾನೂನು. "ನಿಮ್ಮ ಬೆವರ ನಡೀತೈತ್ರಿ ಗಿಡಕ್ಕ, ಸೋಪ ಒಂದ್ ಬ್ಯಾಡ" ಎನ್ನುತ್ತಾಳೆ. ಆಫೀಸಿನಲ್ಲಿ ಪಕ್ಕದ ಮೇಜಿನ ಕುಲಕರ್ಣಿಯವರು ತಮ್ಮ ಕುರ್ಚಿಯನ್ನು ದಿನಕ್ಕಿಷ್ಟು ಕಿಟಕಿಯ ಕಡೆಗೆ ಸರಿಸಿಕೊಳ್ಳುತ್ತಿದ್ದಾರೆ. ಗಾಳಿಗಾಗಿ ಇರಬೇಕು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಎಲ್ಲ ಶುರುವಾದದ್ದು ಎಣ್ಣೆ ಡಬ್ಬಿಯಲ್ಲಿ ಬಿತ್ತಿದ ಕೊತ್ತಂಬರಿಯಿಂದ. ಪಾಪ, ಒಂದು ಹಿಡಿ ಕೊತ್ತಂಬರಿ, ಯಾರಿಗೇನು ತೊಂದರೆ ಎಂದುಕೊಂಡೆ. ಆಮೇಲೆ ನನ್ನ ಹಳೆಯ ಹೆಲ್ಮೆಟ್ಟಿನಲ್ಲಿ ಪುದೀನ ಬಂತು. ಮಳೆಗಾಲದಲ್ಲಿ ನನ್ನ ಪ್ರೀತಿಯ ಕೂಲರಿನ ತಳದ ತೊಟ್ಟಿ ತಾರಸಿಗೇರಿ ಅದರಲ್ಲಿ ಮೆಂತ್ಯ ಎದ್ದು ನಿಂತಿತು. ವಿಜಯಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದವನ ಗತಿಯೇನು ಎಂದು ಕೇಳಿದೆ. "ಮೆಂತೇದ ಬಾಜೂಕ ಹಾಸ್ಕೊಂಡ ಮಲಗ್ರಿ, ತಂಪ ಇರತೈತಿ" ಅಂದಳು. ಅದೇ ಮೆಂತ್ಯವನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ತಂದಿಟ್ಟಾಗ ನಾನು ಎರಡು ಸಲ ಕೇಳಿ ಹಾಕಿಸಿಕೊಂಡೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಹಿಂದಿನ ಓಣಿಯ ಸುನಂದಕ್ಕ ಬಾಡಿಗೆ ಮನೆಯವರು. ಅವರ ಮನೆಗೆ ಬಿಸಿಲು ಬೀಳುವ ಗೇಣು ಜಾಗವೂ ಇಲ್ಲ. ಅವರ ಪುಂಡಿಪಲ್ಲೆ ನಮ್ಮ ತಾರಸಿಯ ಮೇಲೇ ಬೆಳೆಯುತ್ತದೆ. ಅವರ ಹಿಂದೆ ಇನ್ನಷ್ಟು ಹೆಂಗಸರು, ಅವರ ಹಿಂದೆ ಅವರ ಡಬ್ಬಿಗಳು ಬಂದವು. ಸಂಜೆಯಾದರೆ ಮೇಲಿನಿಂದ ನಗು ಕೇಳುತ್ತದೆ. ಗಂಡ ಜೊತೆಗಿಲ್ಲದೆ ಬಸ್ ಹತ್ತಲು ಹೆದರುತ್ತಿದ್ದ ಕಸ್ತೂರಿ ಮೊನ್ನೆ ಬಬಲೇಶ್ವರದ ಹೆಂಗಸರು ಕರೆದರೆಂದು ಒಬ್ಬಳೇ ಹೋಗಿ, ಚೀಲದಲ್ಲಿ ಗೊಬ್ಬರ ಮಾಡುವುದನ್ನು ಹೇಳಿಕೊಟ್ಟು ಬಂದಳು. ಕಿರಾಣಿ ಅಂಗಡಿಯಲ್ಲಿ ಈಗ ನನ್ನ ಹೆಸರು 'ತೋಟದ ಮ್ಯಾಡಮ್ಮರ ಯಜಮಾನ್ರು'. ಒಳಗೊಳಗೆ ನನಗೆ ಖುಷಿಯೇ ಆಗಿತ್ತು, ಆದರೆ ಅದನ್ನು ತೋರಿಸಿಕೊಂಡರೆ ಫ್ರಿಜ್ಜೂ ಮೇಲೆ ಹೋದೀತೆಂಬ ಭಯವಿತ್ತು.

ತಕರಾರು ಬಂದದ್ದು ನನ್ನ ಕೋಣೆಯಿಂದ. ತಾರಸಿಯ ಮೇಲೆ ಓದುವುದಕ್ಕೊಂದು ಕೋಣೆ ಕಟ್ಟಿಸಬೇಕೆಂಬುದು ನನ್ನ ಬಹುದಿನದ ಆಸೆ. ಓದುವುದು ಪೇಪರ್ ಒಂದನ್ನೇ, ಅದೂ ಕೊನೆಯ ಪುಟದಿಂದ. ಆದರೂ ಆಸೆ ಆಸೆಯೇ. ಗೌಂಡಿ ಬಸಪ್ಪನಿಗೆ ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಬಾ ಎಂದು ಹೇಳಿಬಿಟ್ಟೆ. ಡಬ್ಬಿಗಳನ್ನೆಲ್ಲ ಇಳಿಸಬೇಕಾಗುತ್ತದೆ ಎಂದಾಗ ಕಸ್ತೂರಿ ಜಗಳವಾಡಲಿಲ್ಲ. "ಮನಿ ನಿಮ್ಮದು, ಮಾಳಗಿ ನಿಮ್ಮದು. ನಾ ಏನ್ ಅನ್ನಲ್ರಿ" ಎಂದು ರೊಟ್ಟಿ ಬಡಿಯತೊಡಗಿದಳು. ಅವತ್ತಿನ ರೊಟ್ಟಿಗಳು ಬಹಳ ತೆಳುವಾಗಿದ್ದವು.

ಎಳ್ಳಮಾಸಿಗೆ ಪ್ರತಿ ವರ್ಷ ನಾವು ಹೊನವಾಡದ ಅವಳ ಅಣ್ಣನ ಹೊಲಕ್ಕೆ ಹೋಗುತ್ತೇವೆ. ನಿಂತ ಜೋಳದ ಸುತ್ತ ಅಣ್ಣ ಚರಗ ಚೆಲ್ಲುತ್ತಾನೆ, ಅಂದರೆ ಹಬ್ಬದ ಅಡುಗೆಯ ಮೊದಲ ತುತ್ತನ್ನು ಭೂಮಿತಾಯಿಗೆ ಎರಚುತ್ತಾನೆ. ಹಿಂದೆ ಅವನ ಹೆಂಡತಿ ನೀರು ಚಿಮುಕಿಸುತ್ತ ನಡೆಯುತ್ತಾಳೆ. ಕಸ್ತೂರಿ ಬುಟ್ಟಿಯ ಬಳಿ ಕುಳಿತು ನೋಡುತ್ತಾಳೆ. ಈ ಸಲ ತಾನು ಹೋಗುವುದಿಲ್ಲ ಎಂದಳು. ನಸುಕಿನಲ್ಲೆದ್ದು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ತನ್ನದೇ ಬದನೆಯ ಎಣ್ಣೆಗಾಯಿ ಮಾಡಿ ಬುಟ್ಟಿ ಹೊತ್ತು ಮೇಲೆ ಹೊರಟಳು. ಅಲ್ಲಿ ಸುನಂದಕ್ಕ ಮೊದಲಾದವರೆಲ್ಲ ಇಳಕಲ್ ಸೀರೆಯುಟ್ಟು ನಿಂತಿದ್ದರು. ನನ್ನ ಕೈಗೆ ನೀರಿನ ತಂಬಿಗೆ ಬಂತು.

"ಹುಲ್ಲುಲ್ಲಿಗೋ!" ಎಂದು ಕೂಗಿ ಕಸ್ತೂರಿ ಕೂಲರಿನ ಮೆಂತ್ಯದ ಕಡೆಗೆ ಚರಗ ಚೆಲ್ಲಿದಳು. "ಚಲ್ಲಂಬರಿಗೋ" ಎಂದು ಓಗೊಡುವುದು ಹಿಂದೆ ಬರುವವನ ಕೆಲಸ. ಎದುರು ಮನೆಯವರು ನೋಡುತ್ತಿದ್ದರು. ಆಫೀಸಿನ ಮರ್ಯಾದೆ ನೆನಪಾಗಿ ನಾನು ಗೊಣಗಿದೆ.

"ಜೋರಾಗಿ ಒದರ್ರಿ. ಹೊಲಕ್ಕ ಕೇಳಸ್ಬೇಕ್."

"ಹೊಲ ಎಲ್ಲೈತಿ ಇಲ್ಲಿ?" ಅಂದೆ.

ಅವಳು ತಿರುಗಿ ನೋಡಿದಳು. "ಸಣ್ಣಾಕಿ ಇದ್ದಾಗ ಅಪ್ಪನ ಹೊಲ ಇತ್ತು, ಈಗ ಅಣ್ಣನ ಹೊಲ ಐತಿ. ಎಲ್ಲಾ ಕಡೆ ಬುಟ್ಟಿ ಕಾದೇನಿ. ನನ್ನ ಕೈಲೆ ಚರಗ ಚೆಲ್ಲೂದು ಇದ ಮೊದಲ್ರಿ. ಮುಂದಿನ ವರ್ಷ ನಿಮ್ಮ ಕ್ವಾಣಿ ಇರತೈತಿ, ಇದೊಂದ ಸಲ ಒದರ್ರಿ."

ತಂಬಿಗೆಯ ನೀರನ್ನು ಮೆಂತ್ಯದ ಮೇಲೆ ಚಿಮುಕಿಸಿದೆ. ಎದುರು ಮನೆಯ ಕಡೆ ನೋಡದೆ "ಚಲ್ಲಂಬರಿಗೋ!" ಎಂದು ಕೂಗಿದೆ. ಹೆಲ್ಮೆಟ್ಟಿನ ಪುದೀನದ ಹತ್ತಿರ ಬಂದಾಗ ಇನ್ನೂ ಜೋರಾಗಿ ಕೂಗಿದೆ. ಎದುರು ಮನೆಯವರೂ ನಕ್ಕು ಊಟಕ್ಕೆ ಬಂದರು.

ಹಬ್ಬದ ಮರುದಿನ ಬಸಪ್ಪ ಟೇಪು ಹಿಡಿದು ಮೇಲೆ ಬಂದ. "ಕ್ವಾಣಿ ಎಲ್ಲಿ ಬರ್ಬೇಕ್ರಿ ಸಾಹೇಬ್ರ?"

"ಕ್ವಾಣಿ ಬ್ಯಾಡೋ ಮಾರಾಯಾ. ಬೆಳಿ ನಿಂತ ಹೊಲದಾಗ ಯಾರರೆ ಮನಿ ಕಟ್ತಾರೇನು? ಮತ್ತ ಹೊಲಾನೂ ನಂದಲ್ಲ."

ಬಸಪ್ಪ ಸುತ್ತ ನೋಡಿದ, ನನ್ನನ್ನೂ ಒಮ್ಮೆ ನೋಡಿದ, ಟೇಪು ಸುತ್ತಿಕೊಂಡ. ಮೆಟ್ಟಿಲ ಬಳಿ ನಿಂತಿದ್ದ ಕಸ್ತೂರಿ ಕೆಳಗೆ ಹೋದಳು. ನಾನು ಸ್ನಾನಕ್ಕೆ ಹೊರಟಾಗ ಬಚ್ಚಲ ಬಾಗಿಲಲ್ಲಿ ಬಂದು ಹೊಸ ಸೋಪು ಕೊಟ್ಟಳು, ಕಣ್ಣುಗಳು ಒದ್ದೆಯಾಗಿದ್ದವು. "ಇವತ್ತೊಂದಿನ ಹಚಗೋರಿ. ಗಿಡಕ್ಕ ಬ್ಯಾರೆ ನೀರ ಹಾಕತೇನಿ" ಅಂದಳು.

ಎಷ್ಟು ತಿಂಗಳ ಮೇಲೆ ಸಿಕ್ಕ ಸೋಪು! ಮೂಸಿ ನೋಡಿದೆ, ಗಂಧದ ವಾಸನೆ. ಟಬ್ಬಿನೊಳಗೆ ನಿಂತು ಕಾಗದ ಬಿಚ್ಚಬೇಕೆನ್ನುವಷ್ಟರಲ್ಲಿ ಮೂಲೆಯ ಬದನೆಗಿಡ ಹೊಸ ಹೂ ಬಿಟ್ಟದ್ದು ನೆನಪಾಯಿತು. ಸೋಪನ್ನು ಹಾಗೆಯೇ ಗೂಡಿನಲ್ಲಿಟ್ಟು ಬರಿಗೈಯಲ್ಲಿ ಮೈ ತಿಕ್ಕಿಕೊಂಡು, ಟಬ್ಬನ್ನು ನಾನೇ ಹೊತ್ತು ಮೇಲೆ ಹೋದೆ. ಅವತ್ತು ಆಫೀಸಿಗೆ ಹೋದಾಗ ಕುಲಕರ್ಣಿಯವರ ಕುರ್ಚಿ ಕಿಟಕಿಯನ್ನೂ ದಾಟಿ ವರಾಂಡದಲ್ಲಿತ್ತು.