ಹಿಮ್ಮೇಳದವನ ಪರದೇಶವಾಸ

ಮನುಷ್ಯ ಏನಾದರೂ ಒಂದು ವಾದ್ಯ ಕಲಿಯಲೇಬೇಕೆಂದಿದ್ದರೆ ಕೊಳಲನ್ನೋ ಪೇಟಿಯನ್ನೋ ಕಲಿಯಬೇಕು. ಮನಸ್ಸು ಬಂದಾಗ ಒಬ್ಬನೇ ಕೂತು ಊದಬಹುದು, ಒತ್ತಬಹುದು. ಕೇಳುವವರು ಎದ್ದು ಹೋದರೂ ಸಂಗೀತ ನಿಲ್ಲುವುದಿಲ್ಲ. ನಾನು ಕಲಿತದ್ದು ತುಂತುಣಿ. ಅದೂ ಗೀಗೀ ಪದದ ಹಿಮ್ಮೇಳದ ತುಂತುಣಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಗೀಗೀ ಮೇಳದಲ್ಲಿ ಮುಂದೆ ನಿಂತವನು ದಪ್ಪು ಬಡಿಯುತ್ತ ಪದ ಹಾಡುತ್ತಾನೆ. ಹಿಂದೆ ನಿಂತವರಲ್ಲಿ ಒಬ್ಬ ತಾಳ ಹಾಕುತ್ತಾನೆ. ಇನ್ನೊಬ್ಬ ಅಳತೆಯ ಸೇರಿನಷ್ಟು ದೊಡ್ಡದಾದ, ತಳಕ್ಕೆ ಚರ್ಮ ಬಿಗಿದ, ಒಂದೇ ತಂತಿಯ ತುಂತುಣಿಯನ್ನು ಕಂಕುಳಲ್ಲಿಟ್ಟುಕೊಂಡು ಮೀಟುತ್ತಾನೆ. ಮುಂದಿನವನ ಸಾಲು ಮುಗಿದ ಕೂಡಲೇ ಹಿಂದಿನ ಇಬ್ಬರೂ ಕತ್ತೆತ್ತಿ ‘ಗೀಯ ಗೀಯ ಗಾಗೀಯ ಗೀಯ’ ಎನ್ನಬೇಕು. ಇಷ್ಟೇ ನನ್ನ ವಿದ್ಯೆ. ಇದನ್ನು ನಾನು ಹನ್ನೆರಡು ವರ್ಷ ಕಲಿತಿದ್ದೇನೆ.

ಮುಂದೆ ಹಾಡುವವನು ಇಲ್ಲದಿದ್ದರೆ ಈ ವಿದ್ಯೆಯ ಗತಿ ಏನೆಂಬುದು ಬೈಲಹೊಂಗಲದ ಕಡೆಯ ನಮ್ಮ ಊರಿನಲ್ಲಿ ಇರುವವರೆಗೂ ನನಗೆ ಹೊಳೆದಿರಲಿಲ್ಲ. ಅಲ್ಲಿ ಹಾಡುವವರಿಗೆ ಬರವಿರಲಿಲ್ಲ. ಜಗಳಕ್ಕಂತೂ ಇರಲೇ ಇಲ್ಲ. ಗೀಗೀಯವರಲ್ಲಿ ಎರಡು ಪಂಥ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು. ಎರಡು ಮೇಳಗಳು ಎದುರುಬದುರು ನಿಂತು ಸವಾಲು ಜವಾಬು ಹಾಕಿಕೊಳ್ಳುತ್ತವೆ. ನಮ್ಮದು ಹರದೇಶಿ. ಗುರುಗಳು ನನ್ನ ತುಂತುಣಿಗೆ ಕೆಂಪು ಗೊಂಡೆ ಕಟ್ಟಿದ ದಿನ, ಜೀವ ಹೋದರೂ ನಾಗೇಶಿಯವರ ಬೆನ್ನ ಹಿಂದೆ ನಿಂತು ‘ಗೀ’ ಎನ್ನಬಾರದೆಂದು ಆಣೆ ಮಾಡಿಸಿದ್ದರು. ಆಣೆ ಮಾಡಿ ಎದೆಯುಬ್ಬಿಸಿ ಮನೆಗೆ ಬಂದರೆ ನನ್ನ ಹೆಂಡತಿ ಗಂಗವ್ವ ಕೊಡ ತಂದು ಮುಂದಿಟ್ಟಳು. ಗಂಡು ಹೆಚ್ಚೆಂಬ ಆಣೆಯ ಬಿಸಿ ಆರುವ ಮೊದಲೇ ನಾನು ಬಾವಿಯ ಕಟ್ಟೆಯ ಮೇಲೆ ನಿಂತು ನೀರು ಸೇದುತ್ತಿದ್ದೆ.

ನಿಜಾಮರ ಆಳಿಕೆ ಮುಗಿದ ಮರುವರ್ಷ ಆ ಕಡೆ ಕನ್ನಡ ಮಾಸ್ತರರು ಬೇಕಾಗಿದ್ದಾರೆಂಬ ಸುದ್ದಿ ಬಂತು. ಅರ್ಜಿ ಹಾಕಿದೆ, ಲಿಂಗಸುಗೂರಿಗೆ ನೇಮಕವಾಯಿತು. ನಮ್ಮವ್ವ ನಾನು ಸಮುದ್ರ ದಾಟಿ ಹೋಗುತ್ತಿರುವೆನೇನೋ ಎಂಬಂತೆ ಅತ್ತಳು. ಅವಳು ಅತ್ತದ್ದು ತಪ್ಪೇನಲ್ಲ. ನಮ್ಮದು ಮುಂಬಯಿ ಸರಕಾರ, ಇದು ಹೈದರಾಬಾದು ಸಂಸ್ಥಾನ. ಇಲ್ಲಿಯ ರೂಪಾಯಿಯೇ ಬೇರೆ, ಕಚೇರಿಯ ಕಾಗದ ಉರ್ದುವಿನಲ್ಲಿ. ಮೊದಲ ವಾರವೇ ಜ್ವರ ಬಂದು ರಜೆ ಕೇಳಿದರೆ ಹೆಡ್ ಮಾಸ್ತರರು, “ರುಖಸತ್ ಅರ್ಜಿ ಕೊಟ್ಟೀರೇನು?” ಎಂದರು. ರುಖಸತ್ ಎಂದರೆ ರಜೆಯೇ ಎಂದು ಗೊತ್ತಾಗದೆ ನಾನು ಜ್ವರದಲ್ಲೇ ಮೂರು ದಿನ ಪಾಠ ಮಾಡಿದೆ. ಮಾತು ಮಾತ್ರ ನಮ್ಮ ಮಾತೇ. ಆದ್ದರಿಂದಲೇ ಪರದೇಶವೆಂಬುದು ಇನ್ನಷ್ಟು ಚುಚ್ಚುತ್ತಿತ್ತು.

ತುಂತುಣಿಯನ್ನು ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿ ತಂದಿದ್ದೆ. ತಿಂಗಳೊಪ್ಪತ್ತಿನಲ್ಲಿ ಕೈ ತುರಿಸತೊಡಗಿತು. ಓಣಿಯಲ್ಲಿ ವಿಚಾರಿಸಿದಾಗ ಹಿರಿಯರೊಬ್ಬರು ಮಠದ ಭಜನೆಗೆ ಕರೆದುಕೊಂಡು ಹೋದರು. ಏಕತಾರಿ, ದಮ್ಮಡಿ, ಕಣ್ಣು ಮುಚ್ಚಿ ಹಾಡುವ ತತ್ವಪದ. ಎಂಥ ಹಾಡಿಕೆ! ನಾನೂ ಕಣ್ಣು ಮುಚ್ಚಿದೆ. ತಪ್ಪಾದದ್ದು ಅಲ್ಲೇ. ದೇಹದ ನಶ್ವರತೆಯನ್ನು ಹೇಳುವ ಒಂದು ಸಾಲು ಮುಗಿದು ಎಲ್ಲರೂ ಉಸಿರು ಹಿಡಿದಿದ್ದಾಗ, ಹನ್ನೆರಡು ವರ್ಷದ ಚಾಳಿ ನೋಡಿ, ನಾನು ಗಂಟಲು ಬಿಟ್ಟು ‘ಗೀಯ ಗೀಯ’ ಎಂದುಬಿಟ್ಟೆ. ದಮ್ಮಡಿಯವನ ಕೈ ಗಾಳಿಯಲ್ಲೇ ನಿಂತಿತು. ಹಿರಿಯರು ಬಹಳ ಮೆತ್ತಗೆ, “ಮಾಸ್ತರ್ರ, ನಮ್ಮದು ಸಮಾಧಾನದ ಹಾಡಿಕಿ ಅದರಿ,” ಎಂದರು. ಮತ್ತೆ ಬರಬೇಡ ಎನ್ನಲಿಲ್ಲ. ನಾನೇ ಹೋಗಲಿಲ್ಲ.

ಆಮೇಲೆ ಮನೆಯಲ್ಲೇ ಮೇಳ ಕಟ್ಟುವ ಹುಚ್ಚು ಹತ್ತಿತು. ಗಂಗವ್ವ ಬೆಳಿಗ್ಗೆ ಬೀಸುವಾಗ ಚಂದ ಹಾಡುತ್ತಾಳೆ. ನಾನು ಸದ್ದಿಲ್ಲದೆ ಹಿಂದೆ ಹೋಗಿ ನಿಂತು ತುಂತುಣಿ ಮೀಟಿ ‘ಗೀ’ ಎಂದೆ. ಅವಳು ಕಲ್ಲು ನಿಲ್ಲಿಸಿ, ಮುಂದೆ ಬಂದು ಬೀಸುವುದಾದರೆ ಸಂತೋಷ, ಹಿಂದೆ ನಿಂತು ಕೂಗುವುದಾದರೆ ರೊಟ್ಟಿ ಇಲ್ಲ ಎಂದಳು. ಕಾಲುವೆಯ ಕೆಲಸಕ್ಕೆ ಬಂದವರಲ್ಲಿ ವಿಜಾಪುರದ ಕಡೆಯವನೊಬ್ಬ ದಪ್ಪು ಬಡಿದು ಹಾಡುತ್ತಾನೆಂದು ಯಾರೋ ಹೇಳಿದ್ದನ್ನು ಕೇಳಿ ಸಿಂಧನೂರಿಗೆ ಓಡಿದೆ. ಅವರ ಗುಂಪು ಜವಳಗೇರಾಕ್ಕೆ ಹೋಗಿದೆ ಎಂದರು. ಮುಂದಿನ ರವಿವಾರ ಅಲ್ಲಿಗೆ ಹೋದೆ. ಅಲ್ಲಿ ಮೂರು ಕಲ್ಲಿನ ಒಲೆಗಳಿದ್ದವು, ಮಂದಿ ಇರಲಿಲ್ಲ. ವರ್ಷವೆರಡು ಹೀಗೇ ಬಸ್ಸಿನ ಧೂಳು ಕುಡಿಯುವುದರಲ್ಲಿ ಹೋಯಿತು.

ಕೊನೆಗೆ ಅವನು ಸಿಕ್ಕಿದ್ದು ಮಸ್ಕಿಯಲ್ಲಿ, ನಾನು ಹುಡುಕದಿದ್ದಾಗ. ಬಸ್ಸು ಕೆಟ್ಟು ನಿಂತಿತ್ತು. ರಸ್ತೆಯ ಮಗ್ಗುಲಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಗೋಡೆಯ ಮೇಲಿಂದ, ಕಲ್ಲಿಗೆ ಬೀಳುವ ಸುತ್ತಿಗೆಯ ಲೆಕ್ಕಕ್ಕೆ ಸರಿಯಾಗಿ, ನಮ್ಮ ದಾಟಿಯ ಹಾಡು ಕೇಳಿತು. ಸಾಲು ಮುಗಿಯಿತು. ನಾನು ಕೆಳಗೆ ನಿಂತು ‘ಗೀಯ ಗೀಯ ಗಾಗೀಯ ಗೀಯ’ ಎಂದೆ. ಸುತ್ತಿಗೆ ಬಿದ್ದ ಸದ್ದಾಯಿತು. ಹಾಡುತ್ತಿದ್ದವನು, ಅಂದರೆ ದುರಗಪ್ಪ ಮೇಸ್ತ್ರಿ, ಗೋಡೆಯಿಂದ ಜಿಗಿದೇ ಬಂದ. ಸುಣ್ಣದ ಕೈಯಿಂದ ನನ್ನನ್ನು ತಬ್ಬಿಕೊಂಡ. ನನ್ನ ಕೋಟಿನ ಮೇಲಿನ ಆ ಸುಣ್ಣದ ಕಲೆ ಇನ್ನೂ ಹೋಗಿಲ್ಲ. ತೊಳೆಯಬೇಡ ಎಂದು ನಾನೇ ಹೇಳಿದ್ದೇನೆ.

ಮರು ರವಿವಾರ ಮುಂಜಾನೆಯೇ ತುಂತುಣಿಯೊಡನೆ ಮಸ್ಕಿಗೆ ಹೋದೆ. ಅವನ ಗುಡಿಸಲ ಮುಂದೆ ರೊಟ್ಟಿ, ಶೇಂಗಾ ಹಿಂಡಿ, ಊರಿನ ಮಾತು. ಆಮೇಲೆ ಅವನು ದಪ್ಪು ಕಾಸಿಕೊಂಡು ಬಂದು ಗುರುವಿನ ಪದ ಎತ್ತಿದ. ಮೂರು ವರ್ಷ ಬಾಯಿ ಕಟ್ಟಿಕೊಂಡಿದ್ದ ನಾನು ಹೇಗೆ ‘ಗೀ’ ಎಂದೆನೋ ಏನೋ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಗುರುವಿನ ಪದ ಎರಡೂ ಪಂಥದಲ್ಲಿ ಹೆಚ್ಚುಕಡಿಮೆ ಒಂದೇ. ಎರಡನೆಯ ಪದ ಎತ್ತಿದ. ತಾಯಿಯಿಲ್ಲದೆ ಗಂಡೆಲ್ಲಿಂದ ಬಂದ, ಹೆಣ್ಣೇ ಮೊದಲು ಎಂಬ ಅರ್ಥದ ಪದ. ನನ್ನ ಬೆರಳು ತಂತಿಯ ಮೇಲೇ ನಿಂತಿತು.

“ನೀವು ನಾಗೇಶಿಯವರೇನು?” ಎಂದೆ.

“ಹೌದ್ರಿ. ನೀವು?”

“ಹರದೇಶಿ.”

ನಾನು ಗುರುವಿನ ಆಣೆ ಹೇಳಿದೆ. ಮೇಸ್ತ್ರಿ ತಲೆ ಕೆರೆದುಕೊಂಡು, “ಮಾಸ್ತರ, ಈ ಸೀಮ್ಯಾಗ ನಾ ಒಬ್ಬ, ನೀವೊಬ್ರು. ಜಗಳಾ ಊರಿಗೆ ಹೋದಮ್ಯಾಲ ಮಾಡೂಣಂತ. ಇಲ್ಲಿ ಬಾರಸ್ರಿ,” ಎಂದ. ನಾನು ಒಪ್ಪಲಿಲ್ಲ. ಹಾಗಾದರೆ ನೀವು ಹರದೇಶಿ ಸವಾಲು ಹಾಡಿ, ನಾನು ಜವಾಬು ಹಾಡುತ್ತೇನೆ, ಅದಕ್ಕಾದರೂ ಯಾವ ಗುರುವಿನ ಅಡ್ಡಿಯೂ ಇಲ್ಲ ಎಂದ. ನ್ಯಾಯವಾದ ಮಾತು. ಆದರೆ ನನಗೆ ಹಾಡಲು ಎಲ್ಲಿ ಬರುತ್ತದೆ? ಹನ್ನೆರಡು ವರ್ಷ ಹಿಂದೆ ನಿಂತವನು ಮುಂದಿನವನ ಒಂದು ಪದವನ್ನಾದರೂ ಪೂರ್ತಿ ಕಲಿಯಬೇಡವೇ? ಕಲಿತಿರಲಿಲ್ಲ. ಅದನ್ನು ಒಪ್ಪಿಕೊಂಡಿದ್ದರೆ ಅವನು ನಕ್ಕು ಬಿಡುತ್ತಿದ್ದ, ಅಷ್ಟೇ. ನಾನು ಮಾಸ್ತರನಲ್ಲವೇ, ಬರುವುದಿಲ್ಲ ಎಂಬ ಮಾತು ಬಾಯಿಗೆ ಬರಬೇಕಲ್ಲ! ನಮ್ಮ ಇಡೀ ಮೇಳ ಬಂದರೆ ಮಾತ್ರ ನಾನು ಹಾಡುವುದು ಎಂದು ಬಿಗಿಯಾಗಿ ಹೇಳಿ, ಧೋತರದಲ್ಲಿ ತುಂತುಣಿ ಸುತ್ತಿಕೊಂಡು ನಡುವೆಯೇ ಎದ್ದು ಬಂದೆ.

ಗಂಗವ್ವನಿಗೆ ಹೇಳಿದಾಗ ಶಭಾಸ್ ಎನ್ನುತ್ತಾಳೆಂದುಕೊಂಡಿದ್ದೆ. ಅವಳು ಹಿಟ್ಟು ನಾದುತ್ತಲೇ, “ಪದಾ ಅವರದು, ನಿಮ್ಮದು ಬರೇ ಗೀ. ಅದರಾಗ ಗಂಡ್ಯಾವುದು, ಹೆಣ್ಯಾವುದು?” ಎಂದಳು. ನಾನು ಸಿಟ್ಟು ಮಾಡಿಕೊಂಡು ತುಂತುಣಿಯನ್ನು ಟ್ರಂಕಿಗೆ ಹಾಕಿದೆ.

ಆಮೇಲೆ ನಾಲ್ಕು ವರ್ಷ. ಪರೀಕ್ಷೆಯ ಕೆಲಸಕ್ಕೆ ಸಿಂಧನೂರಿಗೆ ಹೋಗುವಾಗೆಲ್ಲ ಬಸ್ಸು ಮಸ್ಕಿಯ ಮೇಲೆಯೇ ಹೋಗಬೇಕು. ಮೇಸ್ತ್ರಿ ಎಡಗಡೆಯ ಯಾವುದಾದರೊಂದು ಗೋಡೆಯ ಮೇಲೆ ಇದ್ದೇ ಇರುತ್ತಿದ್ದ. ನಾನು ಬಲಗಡೆ ಕೂರುತ್ತಿದ್ದೆ. ಬಲಗಡೆ ಜಾಗ ಸಿಗದ ದಿನ ಬಸ್ಸಿನೊಳಗೇ ಛತ್ರಿ ಬಿಚ್ಚಿದ್ದೂ ಉಂಟು. ಒಮ್ಮೆ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ್ದ: ಬರೇ ಗುರುವಿನ ಪದ ಹಾಡುತ್ತೇನೆ, ಮುಂದಕ್ಕೆ ಹೋಗುವುದಿಲ್ಲ, ಬರಬೇಕು. ಇನ್ನೊಮ್ಮೆ ಏನೂ ಹೇಳದೆ ಒಂದು ಬುಟ್ಟಿ ಹಸಿ ಶೇಂಗಾ ಕಳಿಸಿದ. ಶೇಂಗಾ ತಿಂದೆವು. ನಾನು ಹೋಗಲಿಲ್ಲ. ಅವನೇ ಲಿಂಗಸುಗೂರಿಗೆ ಬಂದು ಕರೆಯಲಿ ಎಂದುಕೊಂಡೆ. ಅವನು ಬಂದಿದ್ದರೆ ಏನು ಮಾಡುತ್ತಿದ್ದೆನೆಂದು ಈಗಲೂ ಗೊತ್ತಿಲ್ಲ.

ಕನ್ನಡ ಸೀಮೆಗಳೆಲ್ಲ ಒಂದಾಗುವ ಸುದ್ದಿ ಬಂತು. ಮುಂಬಯಿಯವನಾದ ನಾನೂ ಹೈದರಾಬಾದಿನವರಾದ ಇವರೂ ಒಂದೇ ರಾಜ್ಯದವರಾಗುವವರಿದ್ದೆವು. ಶಾಲೆಯಲ್ಲಿ ಸಮಾರಂಭ ಗೊತ್ತಾಯಿತು. ನಿಮ್ಮ ಕಡೆಯದೊಂದು ಕಲೆ ಆಗಲಿ ಎಂದರು ಹೆಡ್ ಮಾಸ್ತರರು. ಪರದೇಶವೇ ಇಲ್ಲದ ಮೇಲೆ ಪಂಥವೆಲ್ಲಿಯದು ಎಂದು ನನಗೂ ಅನಿಸಿತು. ನಿಜ ಹೇಳಬೇಕೆಂದರೆ ಬೇಕಾಗಿದ್ದದ್ದು ಒಂದು ನೆಪ. ರವಿವಾರ ಕಾಯದೆ, ಈ ಸಲ ಸರಿಯಾದ ರುಖಸತ್ ಅರ್ಜಿ ಬರೆದುಕೊಟ್ಟು, ತುಂತುಣಿಯೊಡನೆ ಮಸ್ಕಿಯಲ್ಲಿಳಿದೆ. ಎಡಗಡೆಯ ಗೋಡೆಗಳೆಲ್ಲ ಮುಗಿದು ಒಳಗೆ ಮಂದಿ ವಾಸವಾಗಿದ್ದರು. ಬಸ್ಸು ನಿಲ್ಲುವಲ್ಲಿ ಚಹಾದ ಹೋಟೆಲಿಟ್ಟಿದ್ದ ಬಸಣ್ಣನನ್ನು ಕೇಳಿದೆ.

“ಮೇಸ್ತ್ರಿ ಹೋಗಿ ತಿಂಗಳಾತಲ್ರಿ,” ಎಂದ. “ಆಂಧ್ರದ ಕಡಿ ಹೊಳಿಗೆ ದೊಡ್ಡ ಕಟ್ಟಿ ಕಟ್ಟಾಕತ್ತಾರಂತ. ಮಂದೀನ ಕರಕೊಂಡು ಹೋಗ್ಯಾರ. ಯಾ ಊರಂತ ಹೇಳಿಲ್ರಿ, ಅವರಿಗೂ ಗೊತ್ತಿರಲಿಲ್ಲ.” ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನ ಧೋತರದ ಗಂಟಿನ ಮೇಲೆ ಹೋಯಿತು. “ನೀವಾ ಏನ್ರಿ ತುಂತುಣಿ ಮಾಸ್ತರು?”

ಹೌದೆಂದೆ. ಅವನು ರೊಕ್ಕದ ಗಲ್ಲೆಯ ಹಿಂದಿನಿಂದ ಎಣ್ಣೆಡಬ್ಬಿಗೆ ತಂತಿ ಬಿಗಿದ ಒಂದು ತುಂತುಣಿ ತೆಗೆದ. ಮೇಸ್ತ್ರಿ ಮಾಡಿಕೊಟ್ಟು ಕಲಿಸಿದ್ದಂತೆ. ಎರಡು ವರ್ಷ ಪ್ರತಿ ಸಂಜೆ ಇವನು ಹಿಂದೆ ನಿಂತು ‘ಗೀ’ ಎಂದಿದ್ದನಂತೆ. ಹರದೇಶಿ ನಾಗೇಶಿ ಇವನಿಗೇನು ಗೊತ್ತು, ಕಲಿಯಬೇಕೆನಿಸಿತು, ಕಲಿತ.

“ನಿಮ್ಮ ಸಲುವಾಗಿ ಮೇಸ್ತ್ರಿ ಒಂದ್ ಪದಾ ಕಟ್ಟಿದ್ರು ನೋಡ್ರಿ,” ಎಂದ ಬಸಣ್ಣ. “ಗಂಡು ಹೆಚ್ಚಂತ. ‘ನಮ್ಮ ಗುರು ಕೇಳಿದ್ರ ನನ್ನ ಹಲ್ಲ ಮುರೀತಾನ, ಆದ್ರ ಮಾಸ್ತರು ಬಂದ್ರ ನಡುವ ಎದ್ದು ಹೋಗಬಾರದು’ ಅಂತಿದ್ರು. ದಿನಾ ಹಾಡಿ ಹಾಡಿ ತಿದ್ದತಿದ್ರು.”

ನಾನು ಬೆಂಚಿನ ಮೇಲೆ ಕೂತೆ. ನಾನು ಮುರಿಯಲಾರೆನೆಂದಂಥ ಆಣೆಯನ್ನೇ ಅವನು ತನ್ನ ಕಡೆಯಿಂದ ನನಗಾಗಿ ಮುರಿದು, ಪದ ಮಾಡಿ, ತಿದ್ದಿ, ಕಾದಿದ್ದ. ನಾನು ಛತ್ರಿ ಬಿಚ್ಚಿಕೊಂಡು ಮುಂದೆ ಹೋಗುತ್ತಿದ್ದೆ. ಆ ಪದ ಹೇಳು ಮಾರಾಯ ಎಂದೆ. ಬಸಣ್ಣ ಸಂಕೋಚದಿಂದ, “ನಾ ಹಿಮ್ಮೇಳ ಅಲ್ರಿ? ನನಗ ಗೀ ಅಷ್ಟ ಬರ್ತದ,” ಎಂದ. ಬಯ್ಯಲು ನನಗೆ ಯಾವ ಬಾಯಿಯೂ ಇರಲಿಲ್ಲ.

ಸಮಾರಂಭದ ದಿನ ಗಂಟಲು ಕಟ್ಟಿದೆ ಎಂದು ಹೇಳಿ ಗೀಗೀ ಕಾರ್ಯಕ್ರಮ ತಪ್ಪಿಸಿದೆ. ಅದೇ ಗಂಟಲಿನಿಂದ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಭೇದವೆಲ್ಲ ಮರೆತು ಒಂದಾಗುವುದು ಎಷ್ಟು ಸುಲಭ ಎಂಬುದು ವಿಷಯ. ಬಹಳ ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಕೂತ ಗಂಗವ್ವ ಮಾತ್ರ ಕೈ ತಟ್ಟಲಿಲ್ಲ.

ಈಗ ರವಿವಾರ ಬಿಡುವಾದರೆ ಮಸ್ಕಿಗೆ ಹೋಗುತ್ತೇನೆ. ಬಸಣ್ಣನೂ ನಾನೂ ಹೋಟೆಲಿನ ಮುಂದೆ ನಿಂತು ತುಂತುಣಿ ಮೀಟುತ್ತೇವೆ. ಒಂದು ಸಾಲು ಹಾಡುವಷ್ಟು ಹೊತ್ತು ಮುಂದಿನ ಜಾಗವನ್ನು ಖಾಲಿ ಬಿಟ್ಟು, ಆಮೇಲೆ ಇಬ್ಬರೂ ಕೂಡಿ ‘ಗೀಯ ಗೀಯ’ ಎನ್ನುತ್ತೇವೆ. ಚಹಾ ಕುಡಿಯುವವರು ಮೊದಮೊದಲು ನಗುತ್ತಿದ್ದರು, ಈಗ ರೂಢಿಯಾಗಿದೆ. ಮೊನ್ನೆ ಬಸ್ಸಿನಿಂದಿಳಿದ ನಮ್ಮ ಕಡೆಯ ವ್ಯಾಪಾರಿಯೊಬ್ಬ ನಿಂತು ನೋಡಿ, ಗೀಗೀಯ ಗುರುತಿದ್ದವನೇ ಇರಬೇಕು, ನೀವು ಯಾವ ಪಂಥದವರು ಎಂದು ಕೇಳಿದ. “ನಾಗೇಶಿ,” ಎಂದೆ. ಗಟ್ಟಿಯಾಗಿಯೇ ಎಂದೆ. ಹಾಡುವವನೇ ಇಲ್ಲದ ಮೇಲೆ ನನಗೆ ಎಲ್ಲಿಲ್ಲದ ಧೈರ್ಯ.