ಭಜನಾ ಮಂಡಳಿಯ ಆಸ್ಟಿನ್ ಕಾರು ವಿಕ್ರಯವಾದ ವೃತ್ತಾಂತ

ಗರುಡನನ್ನೇರಿ ಬರುವ ಶ್ರೀಮನ್ನಾರಾಯಣನಿಗೂ, ನಂದಿಯನ್ನೇರಿ ನಿಧಾನವಾಗಿ ಬರುವ ಪರಮೇಶ್ವರನಿಗೂ, ಪೆಟ್ರೋಲು ಕೇಳದ ಒಂದು ಇಲಿಯ ಮೇಲೆ ಅಷ್ಟು ದೊಡ್ಡ ಶರೀರವನ್ನಿಟ್ಟು ಲೋಕವೆಲ್ಲ ತಿರುಗುವ ವಿಘ್ನೇಶ್ವರನಿಗೂ ಸಾಷ್ಟಾಂಗ ನಮಸ್ಕಾರ. ವಾಹನದ ವಿಷಯವಾದ್ದರಿಂದ ಮೂವರನ್ನೂ ನೆನೆದು ಆರಂಭಿಸುತ್ತೇನೆ.

ಹೊಳೆನರಸೀಪುರದ ಶ್ರೀ ಭಕ್ತಾನಂದ ಭಜನಾ ಮಂಡಳಿಗೆ ಸೂರಿರಲಿಲ್ಲ; ಕಾರಿತ್ತು. ಇದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿಯ ವಸ್ತುಸ್ಥಿತಿ.

ಸೂರಿಲ್ಲದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಗೋಡೆ ಎದ್ದಿತ್ತು. ಬಾಗಿಲ ಮೇಲಿನ ಕಲ್ಲಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಚರ್ಚೆ ಎದ್ದು, ಚರ್ಚೆ ನಡೆಯುತ್ತಿರುವಾಗಲೇ ಗಾರೆಯವರು ಬೇರೆ ಕೆಲಸ ಹಿಡಿದು ಹೊರಟುಹೋದರು. ಅಂದಿನಿಂದ ನಾವು ಆಕಾಶದ ಕೆಳಗೆ ಭಜನೆ ಮಾಡುತ್ತಿದ್ದೆವು. ಭಗವಂತನಿಗೆ ನೇರವಾಗಿ ಕೇಳಿಸುತ್ತದೆಂದು ಕಾರ್ಯದರ್ಶಿಯಾದ ನಾನು ಸಮಾಧಾನ ಹೇಳುತ್ತಿದ್ದೆ.

ಆದರೆ ರೇವಮ್ಮನವರಿಗೆ ಸಮಾಧಾನವಾಗಲಿಲ್ಲ. ಮಂಡಳಿಯಲ್ಲಿ ಪದ ಎತ್ತಿಕೊಡುವವರು ಅವರೊಬ್ಬರೇ. ಉಳಿದ ನಮಗೆ ಭಕ್ತಿ ಇದೆ, ಶ್ರುತಿ ಇಲ್ಲ. ನಾನು ತಾಳ ಹಿಡಿದರಂತೂ ಪದ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ನೆನೆದು ಅವರ ಎದೆ ಕಟ್ಟಿತ್ತು.

"ಇನ್ನೊಂದ್ ಮಳೇಗಾಲ ಇಂಗೇ ನೆಂದ್ರೆ ನನ್ ಗಂಟ್ಲು ಓಯ್ತದೆ ಕಣಪ್ಪ" ಎಂದರು. "ಸೂರಾಕುದ್ರೆ ಬತ್ತೀನಿ. ಇಲ್ದಿದ್ರೆ ನಮ್ ಮನೇಲೇ ಕುಂತು ರಾಮ ಅಂತೀನಿ. ನೀವು ನಿಮ್ಗೆ ಬಂದಂಗೆ ಕೂಗ್ಕಳ್ಳಿ."

ನಮಗೆ ಬಂದಂತೆ ಎಂದರೆ ಏನೆಂಬುದು ಪೇಟೆಯವರಿಗೆಲ್ಲ ಗೊತ್ತಿದ್ದರಿಂದ ಎಲ್ಲರೂ ಗಾಬರಿಯಾದರು.

ಭಗವಂತ ಕೈಬಿಡಲಿಲ್ಲ. ಅರಕಲಗೂಡಿನ ಲಕ್ಷ್ಮಿದೇವಮ್ಮನವರು ತಮ್ಮ ದಿವಂಗತ ಯಜಮಾನರ ಆಸ್ಟಿನ್ ಕಾರನ್ನು ಮಂಡಳಿಗೆ ದಾನ ಕೊಟ್ಟು, ಮಾರಿ ಸೂರು ಹಾಕಿಸಿಕೊಳ್ಳಿ ಎಂದು ಹೇಳಿಕಳಿಸಿದರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾರು. ಯುದ್ಧ ಮುಗಿದಂದಿನಿಂದ ಕೊಟ್ಟಿಗೆಯಲ್ಲಿದ್ದು, ಅದರ ಹಿಂದಿನ ಸೀಟಿನಲ್ಲಿ ಕೋಳಿಗಳ ಹಲವು ತಲೆಮಾರು ಕಾವು ಕೂತು ಏಳಿಗೆ ಕಂಡಿದ್ದವು. ಎತ್ತು ಕಟ್ಟಿ ಎಳೆದು ತಂದೆವು. ದಾರಿಯುದ್ದಕ್ಕೂ ಜನ ಕೈಮುಗಿದರು. ಯಾಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಧ್ಯಕ್ಷರಾದ ತಿಮ್ಮಪ್ಪನವರು ಸಭೆ ಕರೆದರು. ತೆಂಗಿನ ತೋಟದ ದೊಡ್ಡ ಕುಳ. ಮಾತು ಕಡಿಮೆ, ಠರಾವು ಹೆಚ್ಚು. "ಇದ್ದ ಸ್ಥಿತಿಯಲ್ಲೇ ಮಾರುವುದು ದಾನಿಗಳಿಗೆ ಅಗೌರವವಾದ್ದರಿಂದ, ಕಾರನ್ನು ಸಂಪೂರ್ಣ ಜೀರ್ಣೋದ್ಧಾರ ಮಾಡಿ ನಂತರ ಮಾರತಕ್ಕದ್ದು" ಎಂದು ಠರಾವಾಯಿತು. ಜೀರ್ಣೋದ್ಧಾರ ಎಂದ ಮೇಲೆ ಕರಪತ್ರ ಬೇಕೇ ಬೇಕು. ಬರೆದವನು ನಾನೇ:

"ಭಕ್ತಾದಿಗಳಲ್ಲಿ ವಿಜ್ಞಾಪನೆ. ಮಂಡಳಿಯ ಕಾರಿಗೆ ಚಕ್ರ ಸೇವೆ, ದೀಪ ಸೇವೆ, ಪೀಠ ಸೇವೆ, ನಾದ ಸೇವೆ (ಹಾರನ್ನು), ತೈಲ ಸೇವೆ ಮುಂತಾದವುಗಳಿಗೆ ಅವಕಾಶವಿದೆ. ದಾನಿಗಳ ಹೆಸರನ್ನು ದಾನವಾದ ಭಾಗದ ಮೇಲೆಯೇ ಬರೆಸಲಾಗುವುದು."

ಈ ಕೊನೆಯ ವಾಕ್ಯವನ್ನು ಸೇರಿಸಿದವನೂ ನಾನೇ. ನಮ್ಮ ಕಡೆ ಹೆಸರಿಲ್ಲದೆ ದಾನವಿಲ್ಲ. ತಟ್ಟೆ, ಗಂಟೆ, ಮೆಟ್ಟಿಲು, ಎಲ್ಲದರ ಮೇಲೂ ಹೆಸರು. ಮಂಡಳಿಯ ಗೋಡೆಯ ಟ್ಯೂಬ್‌ಲೈಟನ್ನು ಹಚ್ಚಿದರೆ ಬೆಳಕು ಬರುವುದಿಲ್ಲ, ದಾನಿಯ ಹೆಸರು ಬರುತ್ತದೆ. ಆ ಹೆಸರಿನ ಮಂದ ಪ್ರಕಾಶದಲ್ಲೇ ನಾವು ಪದ ಓದುತ್ತಿದ್ದೆವು.

ಚನ್ನರಾಯಪಟ್ಟಣದಿಂದ ಮೆಕ್ಯಾನಿಕ್ ಪುಟ್ಟರಾಜು ಬಂದ. ಹೆಸರು ಬರೆಯಲು ಬೋರ್ಡು ಬರೆಯುವ ಚಲುವಯ್ಯ ಬಂದ. ಇಬ್ಬರಲ್ಲಿ ಚಲುವಯ್ಯನಿಗೇ ಕೆಲಸ ಜಾಸ್ತಿಯಾಯಿತು. ಚಕ್ರಗಳಿಗೆ ಪೈಪೋಟಿ ಬಿತ್ತು. ಬಾಗಿಲೊಂದನ್ನು ಮಂಡಳಿಯ ಸದಸ್ಯೆ ಮಾರಮ್ಮ ತಮ್ಮ ಅತ್ತೆಯ ಜ್ಞಾಪಕಾರ್ಥ ಮಾಡಿಸಿಕೊಟ್ಟರು. ಪಿಸ್ಟನ್ ಕೊಟ್ಟವರು, ಹೆಸರು ಒಳಗೆ ಸೇರಿಹೋಯಿತೆಂದು ಮುನಿಸಿಕೊಂಡಿದ್ದರಿಂದ "ಒಳಗಿರುವ ದಾನಿಗಳು" ಎಂಬ ತಲೆಬರಹದ ಕೆಳಗೆ ಅವರ ಹೆಸರುಗಳನ್ನು ಮುಂದಿನ ಗಾಜಿನ ಮೇಲೆ ಬರೆಸಲಾಯಿತು.

ಬ್ರೇಕಿಗೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಹೋಗುವುದನ್ನು ನಿಲ್ಲಿಸುವ ವಸ್ತು, ಅದಕ್ಕೆ ಹಿರಿಯರ ಹೆಸರು ಹೇಗೆ ಹಾಕಿಸುವುದೆಂದು ಎಲ್ಲರೂ ಹಿಂಜರಿದರು. ಕೊನೆಗೆ ನನ್ನ ಧರ್ಮಪತ್ನಿ ಗಂಗಾಂಬಿಕೆ, "ನನ್ನ ಹೆಸರು ಹಾಕಿಸಿ. ಮನೆಯಲ್ಲೂ ಅದೇ ಕೆಲಸ ತಾನೆ ನಾನು ಮಾಡೋದು" ಎಂದಳು.

ನನಗೆ ಹೆಸರಿನ ಆಸೆ ಇಲ್ಲ. ಇದನ್ನು ಎಲ್ಲರಿಗೂ ಹೇಳಿದ್ದೇನೆ. ಕರಪತ್ರದ ಕೆಳಗೂ ಅಚ್ಚು ಹಾಕಿಸಿದ್ದೆ, ಹೆಸರಿನ ಸಮೇತ. ಆದರೆ ಬಾನೆಟ್ಟು ಬರಿದಾಗಿತ್ತು, ಚಲುವಯ್ಯನ ಡಬ್ಬಿಯಲ್ಲಿ ಚಿನ್ನದ ಬಣ್ಣ ಉಳಿದಿತ್ತು. ಬಣ್ಣ ಹಾಳಾಗಬಾರದೆಂಬ ಒಂದೇ ಉದ್ದೇಶದಿಂದ ಒಪ್ಪಿಕೊಂಡೆ.

"ಎಷ್ಟ್ ದಪ್ಪುಕ್ ಬರೀಲಿ ಸಾ?" ಎಂದ ಚಲುವಯ್ಯ.

"ನಿನ್ನ ಭಕ್ತಿಗೆ ತೋಚಿದಷ್ಟು ಬರಿಯಪ್ಪ. ಆದರೆ ರಸ್ತೆಯ ಆ ಕಡೆಯಿಂದ ಓದುವ ಹಾಗಿದ್ದರೆ ಸಾಕು."

ಅಂತೂ ಕಾರು ಎದ್ದು ನಿಂತಿತು. ಇಂಜಿನ್ನು ಗುಟುರು ಹಾಕಿತು, ದೀಪ ಉರಿಯಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆವು. ಹಾಸನದ ಅಕ್ಕಿ ಗಿರಣಿ ಮಾಲೀಕ ಪುಟ್ಟಸ್ವಾಮಿಯವರು ನೋಡಲು ಬಂದರು. ಚಿಕ್ಕಂದಿನಲ್ಲಿ ಇಂಥದೇ ಕಾರಿನ ಧೂಳು ಕುಡಿದು ಬೆಳೆದವರಂತೆ. ಒಂದು ದಿನ ಒಳಗೆ ಕೂತು ಬೇರೆಯವರಿಗೆ ಕುಡಿಸಬೇಕೆಂಬ ಹಂಬಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದೇನ್ ಸಾ, ಕಾರೋ ಓಟರ್ ಲಿಸ್ಟೋ?"

"ಭಕ್ತರ ಪ್ರೀತಿ" ಎಂದೆ.

"ಪ್ರೀತಿ ಸರಿ. ಮುಂದ್ಗಡೆ ಗಾಜಲ್ಲಿ ದಾರೀನೇ ಕಾಣದಂಗೆ ಬರ್ಸಿದ್ದೀರಲ್ಲ?"

ಪುಟ್ಟರಾಜು ನಡುವೆ ಬಾಯಿ ಹಾಕಿದ. "ಕಾಣ್ತದೆ ಸಾ. ಆ ‘ದಿವಂಗತ’ ಅಂತ ಬರ್ದವ್ರಲ್ಲ, ಅದ್ರ ಸೊನ್ನೆ ಒಳಗಿಂದ ನೋಡಿ. ಎದುರ್ಗೆ ಬರೋ ಬಸ್ಸು ಚೆಂದಾಗ್ ಕಾಣ್ತದೆ."

ಪುಟ್ಟಸ್ವಾಮಿಯವರು ಆ ಸೊನ್ನೆಯೊಳಗಿಂದ ನೋಡಿಕೊಂಡು ಹೇಮಾವತಿ ಸೇತುವೆಯವರೆಗೆ ಓಡಿಸಿ ತಂದರು. ಇಳಿದಾಗ ಅವರ ಮುಖ ಮಗುವಿನ ಮುಖದಂತಾಗಿತ್ತು. ಕೇಳಿದ ಬೆಲೆಗೆ ಚೌಕಾಸಿ ಇಲ್ಲದೆ ಒಪ್ಪಿದರು. ಆಮೇಲೆ ಒಂದು ಮಾತಂದರು: "ಹಾಸನಕ್ ಓದ್ ತಕ್ಷಣ ಎಲ್ಲಾ ಕೆರ್ಸಿ, ಕರೀ ಬಣ್ಣ ಒಡಿಸ್ಬುಡ್ತೀನಿ."

ಸಂಜೆಗೆ ತುರ್ತು ಸಭೆ ಸೇರಿತು. ಮೊದಲು ಎದ್ದವರು ಮಾರಮ್ಮ.

"ನಮ್ಮತ್ತೆ ಬದ್ಕಿದ್ದಾಗ ಮನೇಲಿ ಯಾರೂ ಅವಳ ಎಸ್ರು ಎತ್ತುತಿರ್ನಿಲ್ಲ. ಈಗ ಬಾಗ್ಲ ಮ್ಯಾಲೆ ಬಂಗಾರದ ಅಕ್ಸರದಲ್ಲಿ ಕುಂತವ್ಳೆ. ಅದ್ನ ಕೆರಿಯಾಕೆ ಇವ್ನ್ಯಾವನು?"

"ಆಯ್ತು ಕಣವ್ವ, ಕೆರ್ಸಕಿಲ್ಲ. ಅಂಗೇ ಮಡೀಕತೀನಿ" ಎಂದರು ಪುಟ್ಟಸ್ವಾಮಿ.

"ಅಂಗೇ ಮಡೀಕಂಡ್ರೆ? ಹಾಸನದಲ್ಲಿ ನಮ್ಮತ್ತೇನ ಯಾರ್ ಬಲ್ಲರು?"

ನ್ಯಾಯವಾದ ಪ್ರಶ್ನೆ. ರೇವಮ್ಮನವರು ಮೂಲೆಯಲ್ಲಿ ಕೆಮ್ಮುತ್ತ ಕೂತಿದ್ದರು. ಪೂರ್ವದಲ್ಲಿ ಮೋಡ ಕಟ್ಟಿತ್ತು. ಮಾರಾಟದ ಪರವಾಗಿ ಕಾರ್ಯದರ್ಶಿ ಮಾತಾಡಬೇಕಾದ ಸಮಯ. ನಾನು ಧೈರ್ಯ ತಂದುಕೊಂಡು ಎದ್ದೆ. ಕಣ್ಣು ಬಾನೆಟ್ಟಿನ ಮೇಲೆ ಹೋಯಿತು. "ವಿಷಯ ಬಹಳ ಸೂಕ್ಷ್ಮವಾದದ್ದು" ಎಂದು ಹೇಳಿ ಕೂತೆ.

"ಸೂಕ್ಷ್ಮ ಏನು ಬಂತು, ಬಾನೆಟ್ಟಿನಷ್ಟು ಅಗಲ ಇದೆ" ಎಂದಳು ಹಿಂದಿನಿಂದ ಗಂಗಾಂಬಿಕೆ.

ತಿಮ್ಮಪ್ಪನವರು ಠರಾವು ಮಂಡಿಸಿದರು: "ದಾನವಾಗಿ ಬಂದ ಭಾಗಗಳನ್ನು ಹೊರತುಪಡಿಸಿ, ಉಳಿದ ಕಾರನ್ನು ಮಾರತಕ್ಕದ್ದು." ಏನು ಉಳಿದಿದೆಯೆಂದು ಪರಿಶೀಲಿಸಲಾಯಿತು. ಹೊಸ ಭಾಗಗಳೆಲ್ಲ ಭಕ್ತರ ದಾನ, ಹಳೆಯವೆಲ್ಲ ಲಕ್ಷ್ಮಿದೇವಮ್ಮನವರ ದಾನ. ಉಳಿದದ್ದು ಚಕ್ರದೊಳಗಿನ ಗಾಳಿ.

"ಅದು ನಾನ್ ಒಡ್ದಿದ್ದು ಸಾ. ಕೂಲಿ ಇಡೀನಿಲ್ಲ, ಸೇವೆ ಅಂದ್ಕಂಡ್ ಒಡ್ದೆ" ಎಂದ ಪುಟ್ಟರಾಜು. ಗಾಳಿಯೂ ಹೋಯಿತು.

"ಅಂಗಾದ್ರೆ ನಾನ್ ಕೊಂಡ್ಕಳಾದೇನು?" ಎಂದರು ಪುಟ್ಟಸ್ವಾಮಿ.

"ಮಾಲೀಕತ್ವ" ಎಂದೆ.

"ಅದ್ನ ಏನ್ ಉಪ್ಪಾಕಿ ಜಾಡೀಲಿ ಮಡಿಗ್ಲಾ?"

ಅವರು ಹೆಗಲ ಮೇಲಿನ ಟವೆಲು ಕೊಡವಿ ಹೊರಟೇಬಿಟ್ಟರು. ಮಳೆಯ ನಾಲ್ಕು ಹನಿ ಬಿತ್ತು. ರೇವಮ್ಮನವರೂ ಸೆರಗು ತಲೆಗೆ ಹೊದ್ದು ಎದ್ದರು. ಆಗ ತಿಮ್ಮಪ್ಪನವರು ಕಾರಿನ ನೆತ್ತಿಯನ್ನು ಮೆಲ್ಲಗೆ ತಟ್ಟಿ, ಯಾರಿಗೋ ಹೇಳಿಕೊಳ್ಳುವವರಂತೆ ಅಂದರು: "ಇಲ್ಲೊಂದ್ ಜಾಗ ಅಂಗೇ ಉಳ್ಕಂಡದೆ. ಎಲ್ಲಾರ್ಗಿಂತ ಮೇಲೆ."

ಪುಟ್ಟಸ್ವಾಮಿ ನಿಂತರು.

"ಕೊಂಡ್ಕಂಡೋರು, ಕೊಂಡ ಕಾರ್ನ ಮತ್ತೆ ಮಂಡ್ಳೀಗೇ ದಾನ ಮಾಡುದ್ರೆ, ಅವರು ಪೂರಾ ಕಾರಿನ ದಾನಿ ಆಯ್ತಾರೆ. ಅಂಥೋರ್ ಎಸ್ರು ಕೆಳ್ಗಡೆ ಬರಿಯಾಕ್ ಆಯ್ತದಾ?" ಎಂದರು ತಿಮ್ಮಪ್ಪನವರು.

"ಎಷ್ಟ್ ದಪ್ಪ ಬರೀತೀಯಪ್ಪಾ?" ಎಂದು ಪುಟ್ಟಸ್ವಾಮಿಯವರು ಚಲುವಯ್ಯನನ್ನು ಕೇಳಿದರು.

"ಮಾಳಿಗೆ ಮ್ಯಾಲಿಂದ ನೋಡೋರ್ಗೆಲ್ಲ ಕಾಣಂಗೆ ಸಾ."

ಹೀಗೆ ಕಾರು ಶಾಸ್ತ್ರೋಕ್ತವಾಗಿ ಮಾರಾಟವಾಯಿತು. ಹಣ ಎಣಿಸಿ ಕೊಟ್ಟರು, ರಸೀತಿ ಕೊಟ್ಟೆವು. ಮಂಗಳಾರತಿಯಾದ ಮೇಲೆ ಪುಟ್ಟಸ್ವಾಮಿಯವರು ಮಾಲೀಕರಾಗಿ ಬೀದಿಯ ತುದಿಯವರೆಗೆ ಓಡಿಸಿ ತಂದು, ಹಾರ ಹಾಕಿಸಿಕೊಂಡು, ಕಾರನ್ನು ಹಿಂದಿರುಗಿಸಿ, ಸಂತೋಷವಾಗಿ ಬಸ್ಸಿನಲ್ಲಿ ಹಾಸನಕ್ಕೆ ಹೋದರು.

ಹಣ ಬಂದ ಮೇಲೆ ಸೂರಿಗೆ ತಡವೇನು? ಮರುದಿನವೇ ಸಭೆ ಸೇರಿತು. ಆದರೆ ಚಲುವಯ್ಯ ಒಂದು ಗಂಭೀರ ವಿಷಯವನ್ನು ಸಭೆಯ ಗಮನಕ್ಕೆ ತಂದ: ಚಿನ್ನದ ಬಣ್ಣ ಒಂದು ಮುಂಗಾರಿಗೂ ತಡೆಯುವುದಿಲ್ಲ, ನೆನೆದರೆ ಅಷ್ಟೂ ಹೆಸರು ಚರಂಡಿಗೆ. ಸಭೆ ಒಟ್ಟಾಗಿ ಆಕಾಶ ನೋಡಿತು. ನನ್ನ ಕಣ್ಣಲ್ಲಂತೂ ನೀರು ಬಂತು, ಅಷ್ಟೂ ದಾನಿಗಳನ್ನು ನೆನೆದು. ಭಜನೆ ಮಾಡುವವರು ನೆನೆದರೆ ಒಣಗುತ್ತಾರೆ, ಹೆಸರು ನೆನೆದರೆ ಒಣಗುವುದಿಲ್ಲ ಎಂದು ನಾನೇ ಎದ್ದು ಹೇಳಿದೆ. ಗಂಗಾಂಬಿಕೆ ನನ್ನನ್ನು ನೋಡಿ, ಛತ್ರಿಯಲ್ಲಿ ತೂತಿದೆಯೇ ಎಂದು ಬಿಚ್ಚಿ ನೋಡಿಕೊಂಡಳು. ಕಾರಿನ ಅಳತೆಗೆ ಸರಿಯಾಗಿ, ಕಾರಿನ ಮೇಲೆ ಸೂರು ಹಾಕಿಸತಕ್ಕದ್ದೆಂದು ಸರ್ವಾನುಮತದಿಂದ ಠರಾವಾಯಿತು.

ಸೂರು ಎದ್ದ ವಾರವೇ ಮಳೆ ಹಿಡಿಯಿತು. ಏಕಾದಶಿಯ ಭಜನೆಗೆ ರೇವಮ್ಮನವರು ಬರುವುದಿಲ್ಲವೆಂದೇ ತಿಳಿದು ನಾನು ತಾಳ ಕೈಗೆತ್ತಿಕೊಂಡಿದ್ದೆ. ಅವರು ಬಂದರು. ಗೋಡೆಗಳ ನಡುವೆ ಛತ್ರಿ ಹಿಡಿದು ನಿಂತಿದ್ದ ನಮ್ಮನ್ನು ನೋಡಿದರು, ಕಾರನ್ನು ನೋಡಿದರು. ಅತ್ತೆಯ ಹೆಸರಿದ್ದ ಬಾಗಿಲು ತೆಗೆದು, ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲು ಎಳೆದುಕೊಂಡರು.

"ಬೆಚ್ಚಗದೆ ಕಣಪ್ಪ" ಎಂದರು ಕಿಟಕಿಯಿಂದ. "ಸುರು ಮಾಡಾನ?"

ಒಳಗಿನಿಂದ ಪದ ಬಂತು, ಮೊದಲಿನ ಹಾಗೆಯೇ, ಒಂದು ಎಳೆಯೂ ತಪ್ಪದೆ. ಹೊರಗಿನಿಂದ ನಾವು ನೆನೆಯುತ್ತ ದನಿಗೂಡಿಸಿದೆವು. ಕಿಟಕಿ ಗಾಜು ಏರಿಸಿದ್ದರಿಂದ ನನ್ನ ತಾಳ ಅವರಿಗೆ ಕೇಳಿಸಲಿಲ್ಲ. ಪದ ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿಯಿತು.

ಈಗ ಅದೇ ಪದ್ಧತಿ. ಕೆಮ್ಮು ಇರುವವರು ಸರದಿಯ ಮೇಲೆ ಒಳಗೆ, ಉಳಿದವರು ಹೊರಗೆ. ಪ್ರತಿ ವರ್ಷ ಯುಗಾದಿಯ ಮಾರನೆಯ ದಿನ ಕಾರಿನ ವಿಕ್ರಯ ಸೇವೆ ನಡೆಯುತ್ತದೆ. ಕೊಳ್ಳುವವರು ಕೊಂಡು, ಬೀದಿಯ ತುದಿಯವರೆಗೆ ಓಡಿಸಿ, ಅಂದೇ ದಾನ ಮಾಡತಕ್ಕದ್ದು. ನೆತ್ತಿಯ ಮೇಲೆ ಜಾಗ ಮುಗಿದಿದೆ. ವಿನಯವಂತರಿಗೆ ತಳಭಾಗದಲ್ಲಿ ಅವಕಾಶವಿದೆ.

ಇಷ್ಟು ಹೊತ್ತು ಕೂತು ಕೇಳಿದ ತಮ್ಮೆಲ್ಲರ ಎದೆ ಕಟ್ಟದಿರಲಿ, ದನಿ ಒಡೆಯದಿರಲಿ. ತಮ್ಮೆಲ್ಲರ ತಲೆಯ ಮೇಲೆ ಸೋರದ ಸೂರೊಂದನ್ನು ಭಗವಂತ ಕರುಣಿಸಲಿ. ಅದರ ಮೇಲೆ ಯಾರ ಹೆಸರಿದ್ದರೂ ಸರಿಯೇ.