ಬಾಸ್ ಮೀನೂ ಬಲಗಾಲ ಮಂಡಿಯೂ

ದರ್ಜಿಯ ಬಲಮಂಡಿ ನೋಯತೊಡಗಿದ್ದು ಬೆಳಗಿನ ಆರೂವರೆಗೆ. ಆರೂ ಮುಕ್ಕಾಲಿಗೆ ಅದು ಬೀದಿಗೆಲ್ಲ ಗೊತ್ತಾಗಿತ್ತು.

ಗೊತ್ತಾಗಬಾರದೆಂದು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಲ್ಲು ಕಚ್ಚಿಕೊಂಡು ಹಾಸಿಗೆಯಿಂದ ಎದ್ದ. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದ. ಆದರೆ ಹಾಲಿನ ಪ್ಯಾಕೆಟ್ ತರಲು ಬಾಗಿಲಾಚೆಯ ಮೂರು ಮೆಟ್ಟಿಲು ಇಳಿಯುವಾಗ, ಎರಡನೆಯದರಲ್ಲಿ, ಬಾಯಿಂದ "ಉಸ್ಸ್" ಅನ್ನುವ ಸಣ್ಣ ಸದ್ದು ಜಾರಿಬಿಟ್ಟಿತು. ಎದುರುಮನೆಯ ವರಾಂಡದಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟ್ರು ಪೇಪರನ್ನು ಮೆಲ್ಲಗೆ ಕೆಳಗಿಳಿಸಿದರು. ಇಲಿ ಮಿಸುಕಿದ್ದು ಬೆಕ್ಕಿಗೆ ಕೇಳಿಸಿದ ಹಾಗೆ.

"ಏನ್ ಟೈಲರ್ರೇ, ಶುರುವಾಯ್ತಾ?"

"ಏನು ಶುರುವಾಗೋದು ಮೇಷ್ಟ್ರೇ? ಏನಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ಮೆಟ್ಟಿಲು ಹತ್ತಿ ಇಳೀರಿ, ನೋಡೋಣ."

ಊರಾಚೆಯ ಕೆರೆಯಲ್ಲಿ ಬಾಸ್ ಎಂಬ ಮೀನಿದೆ. ಹೆಸರಿಗೆ ತಕ್ಕ ಮೀನು, ತನಗೆ ಮನಸ್ಸು ಬಂದಾಗ ಮಾತ್ರ ಬಾಯಿ ತೆರೆಯುವ ಜಾತಿ. ಮಳೆಗೆ ಮುಂಚೆ ಗಾಳಿಯ ಒತ್ತಡ ಇಳಿಯುವ ಹೊತ್ತಿಗೆ ಅದಕ್ಕೆ ಎಲ್ಲಿಲ್ಲದ ಹಸಿವು. ಮೇಲೆ ಬಂದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಮಳೆ ಹೊಯ್ದು, ಮೋಡ ಸರಿದು, ಆಕಾಶ ತೊಳೆದಿಟ್ಟಂತಾಯಿತೋ, ಮುನಿಸಿಕೊಂಡ ಅತ್ತೆಯ ಹಾಗೆ ತಳ ಸೇರಿ ಎರಡು ದಿನ ಯಾರು ಕರೆದರೂ ಓಗೊಡುವುದಿಲ್ಲ. ಆದ್ದರಿಂದ ಗಾಳ ಹಾಕುವವರಿಗೆ ಮಳೆ ಬರುವ ಹೊತ್ತು ಮೊದಲೇ ತಿಳಿಯಬೇಕು. ಮೇಷ್ಟ್ರ ಮನೆಯ ಗೋಡೆಯ ಮೇಲೆ ಅದಕ್ಕೆಂದೇ ಒತ್ತಡ ಅಳೆಯುವ ಒಂದು ಹಿತ್ತಾಳೆ ಯಂತ್ರವಿತ್ತು. ಎರಡು ತಿಂಗಳ ಹಿಂದೆ ದರ್ಜಿ ಮಾತಿಗೆ ಮಾತು ಸೇರಿಸುತ್ತ, "ಮಂಡಿ ಹಿಡ್ಕೊಂಡಿದೆ ಮೇಷ್ಟ್ರೇ, ಮಳೆ ಬರುತ್ತೇನೋ" ಎಂದಿದ್ದ. ಯಂತ್ರದ ಮುಳ್ಳು ಅಲುಗಿದ್ದು ಅದಾಗಿ ಮೂರು ಗಂಟೆಯ ಮೇಲೆ. ಅಷ್ಟರಲ್ಲಿ ಮೇಷ್ಟ್ರು ಏಳು ಮೀನು ಹಿಡಿದು ಮನೆಗೆ ಬಂದಿದ್ದರು. ಅಂದಿನಿಂದ ಯಂತ್ರ ಅಟ್ಟ ಸೇರಿತು. ದರ್ಜಿಯ ನೆಮ್ಮದಿ ಎಲ್ಲಿ ಸೇರಿತೋ ಅವನಿಗೂ ತಿಳಿಯದು.

ಇವತ್ತಂತೂ ಅವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮೇಲಿನ ಬೀದಿಯ ವಕೀಲರು ನಾಳೆ ಬೆಳಿಗ್ಗೆ ನ್ಯಾಯಾಧೀಶರಾಗಿ ಪ್ರಮಾಣ ಸ್ವೀಕರಿಸುವವರಿದ್ದರು. ಅವರ ಹೊಸ ಕರಿ ಕೋಟು ಸಂಜೆ ಐದಕ್ಕೆ ತಯಾರಾಗಬೇಕು. ಅಷ್ಟು ದೊಡ್ಡ ಗಿರಾಕಿ ಅವನ ಅಂಗಡಿಯ ಹೊಸ್ತಿಲು ತುಳಿದದ್ದು ಇದೇ ಮೊದಲು. ಕೋಟೆಲ್ಲ ಮುಗಿದು ಎಡದ ತೋಳೊಂದು ಉಳಿದಿತ್ತು.

ಒಳಗೆ ಬಂದು ಮೆಷಿನ್ ಮುಂದೆ ಕೂತನೋ ಇಲ್ಲವೋ, ಮೇಷ್ಟ್ರು ಹಿಂದೆಯೇ ಬಂದರು. ಅವರ ಜೊತೆಗೆ ದರ್ಜಿಯ ಭಾವಮೈದ. ಹೆಂಡತಿಯ ಈ ತಮ್ಮ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೆಲಸಕ್ಕಿಂತ ರಜೆಯಲ್ಲೇ ಹೆಚ್ಚು ಚುರುಕು. ದೋಣಿ ಅವನದು.

"ಭಾವ, ಒಂದೇ ಒಂದು ಗಂಟೆ," ಅಂದ.

"ನನಗೆ ನೋವೇ ಇಲ್ಲ ಕಣಯ್ಯ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನೋವಿಲ್ವಂತೆ. ಆರೂವರೆಗೆ ಹಾಸಿಗೇಲಿ ಹೊರಳಾಡಿ ನನ್ನ ನಿದ್ದೆ ಕೆಡಿಸಿದ್ದು ಯಾರಂತೆ?"

"ನೋಡಿ," ಎಂದರು ಮೇಷ್ಟ್ರು, ಸಾಕ್ಷಿ ಸಿಕ್ಕ ಪೊಲೀಸರಂತೆ.

"ಸರಿ, ನೋವಿದೆ. ಮಳೆ ಬರುತ್ತೆ. ಹೋಗಿ ಹಿಡ್ಕೊಳಿ. ನಾನ್ಯಾಕೆ?"

"ಅಲ್ಲೇ ಇರೋದು ವಿಷಯ," ಮೇಷ್ಟ್ರು ಕುರ್ಚಿ ಎಳೆದುಕೊಂಡರು. "ಮಳೆ ಬರುತ್ತೆ ಅಂತ ಗೊತ್ತಾದ್ರೆ ಸಾಲದು. ನೋವು ಏರ್ತಿದೆಯೋ ಇಳೀತಿದೆಯೋ, ಅದು ಆಗಿಂದಾಗ್ಗೆ ಗೊತ್ತಾಗ್ಬೇಕು. ಏರೋವಾಗ ದಡದ ಹತ್ರ ಗಾಳ ಹಾಕ್ಬೇಕು. ಇಳಿಯೋಕೆ ಶುರುವಾದ್ರೆ ಆಳಕ್ಕೆ. ನೀವು ದೋಣೀಲೇ ಇರ್ಬೇಕು."

"ಆಗಲ್ಲ ಮೇಷ್ಟ್ರೇ. ಕೋಟು ಐದಕ್ಕೆ ಕೊಡ್ಬೇಕು."

ಅವನು ಪೆಡಲಿನ ಮೇಲೆ ಕಾಲಿಟ್ಟು ತುಳಿದ. ಕೆಳಗಿನ ಚಕ್ರ ತಿರುಗಿತು, ಸೂಜಿ ಅಲುಗಲಿಲ್ಲ. ಬಗ್ಗಿ ನೋಡಿದರೆ ಬೆಲ್ಟ್ ಇಲ್ಲ. ಭಾವಮೈದನ ಜೇಬು ಉಬ್ಬಿತ್ತು.

"ವಾಪಸ್ ಬಂದ ತಕ್ಷಣ ಕೊಡ್ತೀನಿ ಭಾವ. ನನ್ನಾಣೆ."

ಹೆಂಡತಿಯ ತಮ್ಮನಿಗೆ ಬೈದರೆ ಮಧ್ಯಾಹ್ನದ ಊಟ ಉಪ್ಪಿಲ್ಲದ್ದಾಗುತ್ತದೆ. ಹಿರಿಯರಾದ ಮೇಷ್ಟ್ರಿಗಂತೂ ಬೈಯುವಂತೆಯೇ ಇಲ್ಲ. ದರ್ಜಿ ಮೆಷಿನ್ನಿನ ಮೇಲಿದ್ದ ಕೋಟಿನ ತೋಳನ್ನೂ ಸೂಜಿ ದಾರವನ್ನೂ ಒಂದು ಚೀಲಕ್ಕೆ ಹಾಕಿಕೊಂಡ. ಅದರ ಒಳಪದರದ ಅಂಚನ್ನಾದರೂ ದೋಣಿಯಲ್ಲೇ ಕೈಹೊಲಿಗೆ ಹಾಕಿ ಮುಗಿಸೋಣ ಎಂದು. ಹೊರಡುವಾಗ ಹೆಂಡತಿ, "ರೀ, ಬರೋವಾಗ ಮೀನು ತೊಳ್ಕೊಂಡೇ ಬನ್ನಿ. ಮನೆ ನಾರುತ್ತೆ," ಅಂದಳು. ಅವನು ಚಪ್ಪಲಿ ಮೆಟ್ಟಿ ಕುಂಟುತ್ತ ಹೊರಟ.

ಕೆರೆಯ ಮೇಲೆ ಮೋಡ ದಟ್ಟವಾಗಿತ್ತು, ನೀರು ಸೀಸದ ತಗಡಿನಂತೆ ಬಿದ್ದಿತ್ತು. ದರ್ಜಿಯನ್ನು ದೋಣಿಯ ನಡುವಿನ ಹಲಗೆಯ ಮೇಲೆ ಕೂರಿಸಿ, ಬಲಗಾಲನ್ನು ಒಂದು ದಿಂಬಿನ ಮೇಲೆ ಚಾಚಿಸಿದರು. ಇಷ್ಟು ಉಪಚಾರ ಅವನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಅವನು ತೋಳನ್ನು ತೊಡೆಯ ಮೇಲೆ ಹರವಿಕೊಂಡು ಹೊಲಿಗೆ ಶುರು ಮಾಡಿದ.

"ಹತ್ತಕ್ಕೆ ಎಷ್ಟು?" ಮೇಷ್ಟ್ರು ಕೇಳಿದರು.

"ಏನು?"

"ನೋವು. ಹತ್ತಕ್ಕೆ ಎಷ್ಟು ಅಂಕ?"

"ಆರು."

"ಆರು ಸಾಲದಲ್ಲ. ಸ್ವಲ್ಪ ಮಡಚಿ ನೋಡಿ."

"ಮಡಚಿದ್ರೆ ನೋಯೋದು ನನಗೆ ಮೇಷ್ಟ್ರೇ, ಮೀನಿಗೇನಾಗುತ್ತೆ?"

"ಪ್ರಯತ್ನ ಪಡೋದ್ರಲ್ಲಿ ತಪ್ಪೇನಿದೆ?" ಎಂದರು ಅವರು. ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ ಸವೆದ ಮಾತು.

ಅರ್ಧ ಗಂಟೆಯಲ್ಲಿ ನೋವು ಎಂಟಕ್ಕೇರಿತು. ಭಾವಮೈದನಿಗೆ ಎರಡು ಮೀನು, ಮೇಷ್ಟ್ರಿಗೆ ಮೂರು. ಒಂದೊಂದು ಮೀನಿಗೂ ಇಬ್ಬರೂ ಅವನ ಮಂಡಿಯನ್ನು ಅಭಿನಂದಿಸುವವರಂತೆ ನೋಡುತ್ತಿದ್ದರು. ದರ್ಜಿಯ ಮುಖವನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಹೆದರುತ್ತಿದ್ದರು.

ಹತ್ತರ ಹೊತ್ತಿಗೆ ಮೊದಲ ಹನಿಗಳು ಬಿದ್ದವು, ನೋಡನೋಡುತ್ತ ಜೋರಾದವು.

"ಭಾವ, ಈಗ?"

"ಒಂಬತ್ತು. ಮನೆಗೆ ಹೋಗೋಣ್ವಾ?"

"ಈಗಲೇ ಅಲ್ವಾ ಅಸಲಿ ಮಜಾ," ಎಂದರು ಮೇಷ್ಟ್ರು. "ಹೊಸನೀರು ಬಂದು ಸೇರೋ ಬಾಯಿ ಇದೆಯಲ್ಲ, ಕೆಂಪುನೀರೂ ತಿಳಿನೀರೂ ಕೂಡೋ ಜಾಗ, ದೊಡ್ಡ ಬಾಸ್ ಕಾದು ಕೂತಿರೋದು ಅಲ್ಲೇ. ನಡೆಸಯ್ಯ."

ದೋಣಿ ಅಲ್ಲಿಗೆ ಹೋಯಿತು. ಮೇಷ್ಟ್ರು ಎದ್ದು ನಿಂತು, ಕೋಲನ್ನು ಬೆನ್ನ ಹಿಂದಕ್ಕೆ ಬೀಸಿ, ಬಲವೆಲ್ಲ ಹಾಕಿ ಗಾಳವನ್ನು ಮುಂದಕ್ಕೆಸೆದರು. ದರ್ಜಿಯ ತೊಡೆ ಒಮ್ಮೆಲೇ ಹಗುರಾಯಿತು. ತಲೆಯೆತ್ತಿ ನೋಡಿದಾಗ, ನ್ಯಾಯಾಧೀಶರ ಎಡದ ತೋಳು ಗಾಳದ ಮುಳ್ಳಿಗೆ ಸಿಕ್ಕಿ, ಯಾರಿಗೋ ವಿದಾಯ ಹೇಳುವಂತೆ ಗಾಳಿಯಲ್ಲಿ ಬೀಸುತ್ತ ಸಾಗಿ, ಕೆಂಪುನೀರಿನ ಅಂಚಿನಲ್ಲಿ ಇಳಿಯಿತು.

ಯಾರಾದರೂ ಮಾತಾಡುವ ಮೊದಲೇ ನೀರು ಬಿರಿಯಿತು. ಸೋರೆಕಾಯಿಯಷ್ಟು ದಪ್ಪನೆಯ ಒಂದು ಬಾಸ್ ಮೇಲೆದ್ದು, ತೋಳನ್ನು ಮುಂಗೈಯಿಂದ ಭುಜದವರೆಗೆ ಬಾಯಿಗೆ ತುರುಕಿಕೊಂಡು ಮುಳುಗಿತು.

"ಹಿಡೀರಿ, ಹಿಡೀರಿ. ಅಷ್ಟು ದೊಡ್ಡದು ನಾನು ಈವರೆಗೆ ನೋಡಿಲ್ಲ," ಮೇಷ್ಟ್ರು ಕೂಗಿದರು.

"ನನ್ನ ತೋಳು," ಎಂದ ದರ್ಜಿ.

ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೂ ಮೀನು ಹಿಡಿಯುವ ಆಸೆ ಹುಟ್ಟಿತು. ಮಂಡಿ ಮರೆತು ಎದ್ದ. ಮೂವರೂ ಒಂದೇ ಮಗ್ಗುಲಿಗೆ ವಾಲಿ ಕೋಲು ಹಿಡಿದೆಳೆದರು. ದೋಣಿ ಓರೆಯಾಯಿತು, ದಾರ ಬಿಗಿದು ತಂತಿಯಂತೆ ಹಾಡಿತು, ಆಮೇಲೆ ಟಪ್ಪೆಂದಿತು. ಮೂವರೂ ಹಿಂದಕ್ಕೆ ಉರುಳಿದರು. ಮೇಷ್ಟ್ರು ದಿಂಬಿನ ಮೇಲೆ ಬಿದ್ದರು. ಭಾವಮೈದ ಮೇಷ್ಟ್ರ ಮೇಲೆ ಬಿದ್ದ. ದರ್ಜಿಯ ಬಲಮಂಡಿ ಹಲಗೆಯ ಅಂಚಿಗೆ ಬಡಿಯಿತು.

"ಹತ್ತಕ್ಕೆ ಎಷ್ಟು?" ಮೇಷ್ಟ್ರು ಬಿದ್ದಲ್ಲಿಂದಲೇ ಕೇಳಿದರು.

ದರ್ಜಿ ಹೇಳಿದ ಮಾತು ಅಂಕಿಗಳಲ್ಲಿರಲಿಲ್ಲ.

ಇನ್ನೊಂದು ತೋಳಿಗೆ ಬಟ್ಟೆ ಉಳಿದಿರಲಿಲ್ಲ. ಸಂಜೆ ಭಾವಮೈದ ಅವನನ್ನು ಹೊಸದಾಗಿ ತೆರೆದಿದ್ದ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಕರೆತಂದು, ಬೆಂಚಿನ ಮೇಲೆ ಕೂರಿಸಿ, ಬೆಲ್ಟನ್ನು ಕೈಗಿತ್ತು ಮೆಲ್ಲಗೆ ಜಾರಿಕೊಂಡ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ರೀ, ವಕೀಲರು ಬಂದಿದ್ರು."

"ಬೈದ್ರಾ?"

"ಇಲ್ಲ. ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರು. ಎಡಗೈ ನೋಡ್ಕೊಂಡ್ರು. ತೆಗೆದಿಟ್ಟು ಹೊರಟುಹೋದ್ರು. ಬೈದಿದ್ರೇ ವಾಸಿಯಿತ್ತು."

ದರ್ಜಿ ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದ. ಆಗಲೇ ಒಂದು ತೀರ್ಮಾನಕ್ಕೆ ಬಂದ. ಏನಾದರಾಗಲಿ, ಈ ಮಂಡಿಯ ಕಾಟ ಇವತ್ತಿಗೆ ಮುಗಿಯಬೇಕು. ನೋವೇ ಇಲ್ಲದವನನ್ನು ಯಾರು ಏನು ಕೇಳಿಯಾರು?

ಡಾಕ್ಟರಮ್ಮ ಐವತ್ತರ ಆಸುಪಾಸಿನವರು, ನಗು ಕಡಿಮೆ. ದೋಣಿಯಲ್ಲಿ ಜಾರಿ ಬಿದ್ದೆ ಎಂದಷ್ಟೇ ಅವನು ಹೇಳಿದ. ಮೀನಿನ ಮಾತೆತ್ತಲು ನಾಚಿಕೆಯಾಯಿತು. ಅವರು ಮಂಡಿಯನ್ನು ಒತ್ತಿ, ತಿರುಗಿಸಿ, ಬಡಿದು ನೋಡಿದರು.

"ಇವತ್ತಿನ ಪೆಟ್ಟು ಬರೀ ಮೇಲಿಂದು. ಒಳಗಡೆ ನೋವು ಹಳೇದು. ಯಾವಾಗ ಬರುತ್ತೆ?"

"ಮಳೆಗೆ ಮುಂಚೆ ಡಾಕ್ಟ್ರೇ."

ಅವರ ಪೆನ್ನು ನಿಂತಿತು. "ಎಷ್ಟು ಮುಂಚೆ?"

"ಮೂರು ಗಂಟೆ. ಒಂದೊಂದ್ಸಲ ನಾಲ್ಕು."

"ತಪ್ಪಿದ್ದುಂಟಾ?"

"ಒಂದ್ಸಲಾನೂ ಇಲ್ಲ."

"ಹನಿ ಶುರುವಾದ ಮೇಲೆ?"

"ಇನ್ನೂ ಜೋರು. ಆಕಾಶ ತಿಳಿಯಾದ್ರೆ ಪೂರ್ತಿ ಮಾಯ."

ಅವರು ಒಂದಕ್ಷರ ಬಿಡದೆ ಬರೆದುಕೊಂಡರು. ದರ್ಜಿಯ ಕಣ್ಣು ತುಂಬಿ ಬಂತು. ತನ್ನ ಮಂಡಿಯ ಕಷ್ಟವನ್ನು ಮಂಡಿಯ ಕಷ್ಟವೆಂದೇ ತಿಳಿದು ಕೇಳಿದವರು ಈ ಲೋಕದಲ್ಲಿ ಇವರೊಬ್ಬರೇ.

"ಇದಕ್ಕೆ ಮದ್ದಿದೆಯಾ ಡಾಕ್ಟ್ರೇ?"

"ಯಾಕಿಲ್ಲ? ಒಂದು ಇಂಜೆಕ್ಷನ್. ಮಳೆ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ."

ಅವನು ಕೇಳಿಸಿಕೊಂಡದ್ದೇ ಪ್ಯಾಂಟನ್ನು ತೊಡೆಯವರೆಗೆ ಸುತ್ತಿಕೊಂಡು ಸಿದ್ಧನಾದ. ಅವರು ಸಿರಿಂಜಿಗೆ ಔಷಧಿ ತುಂಬಿ ಬೆಳಕಿಗೆ ಹಿಡಿದರು. ಹತ್ತಿಯಿಂದ ಮಂಡಿ ಒರೆಸಿದರು. ಸೂಜಿ ತಂದು ಚರ್ಮಕ್ಕೆ ಒಂದಂಗುಲ ದೂರದಲ್ಲಿ ನಿಲ್ಲಿಸಿದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಕೇಳಿದರು:

"ನೋವು ಜೋರಾದಾಗ, ಅವು ಕಚ್ಚೋದು ದಡದ ಹತ್ರಾನೋ, ಬಂಡೆಗಳ ಕಡೆಗೋ?"

ದರ್ಜಿ ಸುತ್ತಿಕೊಂಡಿದ್ದ ಪ್ಯಾಂಟನ್ನು ಮೆಲ್ಲಗೆ ಕೆಳಗಿಳಿಸಿದ.

ಡಾಕ್ಟರಮ್ಮ ಸೂಜಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಚೀಟಿಯ ಮೇಲೆ ತಮ್ಮ ಮನೆಯ ಫೋನ್ ನಂಬರ್ ಬರೆದರು.

"ಮಳೆಗಾಲ ಮುಗೀಲಿ, ಆಮೇಲೆ ಕೊಡೋಣ. ಅಲ್ಲೀವರೆಗೂ ನೋವಿನ ಮಾತ್ರೆ ಖಂಡಿತಾ ಮುಟ್ಬೇಡಿ," ಎಂದು ಚೀಟಿಯನ್ನು ಅವನ ಅಂಗಿಯ ಜೇಬಿಗೆ ತಾವೇ ಇಟ್ಟರು. "ಮತ್ತೆ, ನೋವು ಕಾಣಿಸಿಕೊಂಡ ತಕ್ಷಣ ಮೊದಲು ನನಗೆ ಫೋನ್ ಮಾಡಿ. ಕೆರೇಲಿ ನನ್ನ ಜಾಗ ಹಿಡಿದು ಕೂರೋ ಆ ಮೇಷ್ಟ್ರಿಗಲ್ಲ."